ಹೊಳೆಯಾಚೆಯ ಹೈಸ್ಕೂಲು ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನನ್ನ ಹೆಂಡತಿಯ ವಾದ. ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಎರಡನೆಯ ಮಹಡಿಯವರಿಗೆ ಮೂರನೆಯ ಮಹಡಿಯವರ ಕಾರಿನ ಮೇಲೆ ಹೊಟ್ಟೆಕಿಚ್ಚು, ಮೂರನೆಯವರಿಗೆ ನಾಲ್ಕನೆಯವರ ಬಾಲ್ಕನಿಯ ಮೇಲೆ. ನನಗೆ ಮಾತ್ರ ಒಂದು ಸರ್ಕಾರಿ ಹೈಸ್ಕೂಲಿನ ಮೇಲೆ. ಅದೂ ಎಂಥದ್ದು? ತಗಡಿನ ಛಾವಣಿಯದು, ಕಂಪೌಂಡು ಗೋಡೆ ಅರ್ಧಕ್ಕೇ ನಿಂತದ್ದು, ಮಳೆಗಾಲದಲ್ಲಿ ಎಂಟನೆಯ ತರಗತಿ ಧಾರಾಳವಾಗಿ ಸೋರುವಂಥದ್ದು. ಆದರೂ ಅದನ್ನು ನೆನೆದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನಾನೂ ಒಂದು ಹೈಸ್ಕೂಲಿನ ಹೆಡ್‌ಮಾಸ್ತರ. ಅಕ್ಕಲಕೋಟೆಯ ಕಡೆಯವನು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಜಗಳಕ್ಕೆ ಹಿಂದಿ. ಬೆಳಗ್ಗೆ ಊರೆಲ್ಲ ಮುಂಬೈ ಕಡೆಗೆ ನೂಕಾಡುತ್ತ ಹೋಗುವಾಗ ನಾನು ತಿರುವುಮುರುವಾಗಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಮುರಬಾಡದ ಕಡೆಯ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿಯುತ್ತೇನೆ. ಸುಖದ ನೌಕರಿ ಎಂದು ನೀವು ಅಂದುಕೊಳ್ಳಬಹುದು. ಆದರೆ ಮುಂದಿನ ಸೀಟಿನಲ್ಲಿ ಶೆಟ್ಟಿ ಮ್ಯಾಡಮ್ ಕೂತಿರುತ್ತಾರೆ. ಉಡುಪಿ ಕಡೆಯವರು, ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದವರ ಮಗಳು. ನಾನು ಇಳಿದ ಮೇಲೆ ಬಸ್ಸು ಸೇತುವೆ ದಾಟಿ ಹೋಗಿ ನಿಲ್ಲುವ ಮುಂದಿನ ಊರಿನಲ್ಲಿ ಅವರು ಹೆಡ್‌ಮಿಸ್ಟ್ರೆಸ್ ಆಗಿರುವ ಶಾಲೆ. ತಗಡಿನ ಛಾವಣಿಯದು ಅದೇ.

ನನ್ನ ಶಾಲೆಗೆ ಏನು ಕಡಿಮೆ, ನೀವೇ ಹೇಳಿ. ಕಾಂಕ್ರೀಟಿನ ಛಾವಣಿ ಇದೆ, ಪೂರ್ತಿ ಗೋಡೆ ಇದೆ, ಪ್ರಯೋಗಶಾಲೆಯಲ್ಲಿ ಅಸ್ಥಿಪಂಜರ ಇದೆ. ಅದಕ್ಕೆ ಎಲ್ಲ ಎಲುಬೂ ಇವೆ. ಇಷ್ಟಿದ್ದರೂ ಶಾಲೆಯಿರುವ ನಮ್ಮದೇ ಊರಿನ ಹನ್ನೊಂದು ಮಕ್ಕಳು ಪ್ರತಿದಿನ ನಮ್ಮ ಗೇಟಿನ ಮುಂದೆಯೇ ಸೈಕಲ್ ಹೊಡೆಯುತ್ತ ಹೊಳೆ ದಾಟಿ ಅವರ ಶಾಲೆಗೆ ಹೋಗುತ್ತಿದ್ದರು. ಗಾಯದ ಮೇಲೆ ಬರೆ ಎಳೆದಂತೆ, ಹೋಗುವಾಗ ನನಗೆ ನಮಸ್ಕಾರ ಬೇರೆ. ಇನ್ನು ನಾಲ್ಕು ಮಕ್ಕಳು ಹೋದರೆ ಒಂಬತ್ತನೆಯ ತರಗತಿಯ ಎರಡು ವಿಭಾಗಗಳು ಒಂದಾಗಿ, ಚಿತ್ರಕಲೆಯ ಪವಾರ ಮಾಸ್ತರರು ಹೆಚ್ಚುವರಿ ಎನಿಸಿಕೊಂಡು ಎಲ್ಲಿಗೋ ವರ್ಗವಾಗಬೇಕಿತ್ತು. ಅವರ ಹೆಂಡತಿ ಅದೇ ಊರಿನ ಅಂಗನವಾಡಿಯಲ್ಲಿದ್ದಾರೆ. ಪವಾರರು ಬೆಳಗ್ಗೆ ಗೇಟಿನಲ್ಲಿ ನಿಂತು ಆ ಸೈಕಲ್ಲುಗಳನ್ನು ಎಣಿಸುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಹಾಗೆಂದು ನಾನು ಕೈಕಟ್ಟಿ ಕೂತಿರಲಿಲ್ಲ. ಮಕ್ಕಳಲ್ಲಿ ಛಲ ಹುಟ್ಟಲಿ ಎಂದು ದಿನವೂ ಪ್ರಾರ್ಥನೆಯ ನಂತರ ಹತ್ತು ನಿಮಿಷ ಮಾತಾಡುತ್ತಿದ್ದೆ. “ಹೊಳೆಯಾಚೆಯವರನ್ನು ನೋಡಿ ಕಲಿಯಿರಿ! ಅವರು ಭತ್ತದ ನಾಟಿಯ ದಿನಗಳಲ್ಲೂ ಶಾಲೆ ತಪ್ಪಿಸುವುದಿಲ್ಲ. ಎಷ್ಟು ಪುಸ್ತಕ ಓದುತ್ತಾರೆ! ಎಷ್ಟು ಚೆನ್ನಾಗಿ ಕಬಡ್ಡಿ ಆಡುತ್ತಾರೆ! ನೀವೂ ಇದ್ದೀರಿ, ದಂಡಕ್ಕೆ.” ನನ್ನ ಅವ್ವ ನನ್ನನ್ನು ಬೆಳೆಸಿದ್ದೂ ಹೀಗೆಯೇ. “ಬಾಜೂ ಮನಿ ಬಸ್ಯಾನ್ನ ನೋಡಿ ಕಲಿ” ಎಂದು ಹಗಲೆಲ್ಲ ಬೈಯುತ್ತಿದ್ದಳು. ನಾನೂ ಬಸ್ಯಾನನ್ನು ನೋಡಲೆಂದು ಅವರ ಮನೆಗೇ ಹೋಗಿ ಕೂಡುತ್ತಿದ್ದೆ. ಅವರವ್ವ ಮಾಡುವ ಶೇಂಗಾ ಹೋಳಿಗೆ ಬಹಳ ಚೆನ್ನಾಗಿರುತ್ತಿತ್ತು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು. ತಾಲೂಕಿನ ಹೈಸ್ಕೂಲುಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕಂತೆ. ಅದಕ್ಕಾಗಿ ಒಂದು ಶಾಲೆಯ ಹೆಡ್‌ಮಾಸ್ತರರು ಇನ್ನೊಂದು ಶಾಲೆಗೆ ಹೋಗಿ ಅಂಕ ಹಾಕಬೇಕಂತೆ. ನನ್ನ ಪಾಲಿಗೆ ಬಂದದ್ದು ಹೊಳೆಯಾಚೆಯ ಶಾಲೆ. ಹುಡುಕುವ ಬಳ್ಳಿ ಕಾಲಿಗೇ ತೊಡರಿತು. ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಹೆಂಡತಿಗೆ ಗುಮಾನಿ ಬಂತು. “ಬರೋಬ್ಬರಿ ಮಾರ್ಕ್ ಹಾಕ್ರಿ ಮತ್ತ. ಹೊಟ್ಟಿಕಿಚ್ಚಿಲೆ ಹಾಕಬ್ಯಾಡ್ರಿ. ನಾಳೆ ಬಸ್ಸಿನ್ಯಾಗ ಆ ಶೆಟ್ಟಿ ಬಾಯಾರ ಮಾರಿ ನೋಡೂದದ” ಎಂದಳು.

ಶೆಟ್ಟಿ ಮ್ಯಾಡಮ್ ಬಾಗಿಲಿಗೇ ಬಂದು ಕರೆದುಕೊಂಡು ಹೋದರು. “ಬನ್ನಿ ಸರ್, ಮೊದ್ಲು ಚಾ ಕುಡೀರಿ. ಸೋರುವ ಕೋಣೆ ಕೊನೆಗೆ ತೋರಿಸ್ತೇನೆ, ಆಯ್ತಾ?” ನಾನು ಚಹಾ ಕುಡಿದು ಛಾವಣಿಗೆ ಸೊನ್ನೆ ಹಾಕಿದೆ. ಗೋಡೆಗೆ ಅರ್ಧ ಅಂಕ. ಗ್ರಂಥಾಲಯವೆಂದರೆ ಒಂದೇ ಕಪಾಟು. ಅದಕ್ಕೆ ಬೀಗವೂ ಇಲ್ಲ, ಪುಸ್ತಕಗಳೆಲ್ಲ ಚಿಂದಿಯಾಗಿ ಅಂಟು ಪಟ್ಟಿ ಹಚ್ಚಿಸಿಕೊಂಡಿದ್ದವು.

“ಬೀಗ ಯಾಕಿಲ್ಲ ಮ್ಯಾಡಮ್?” ಎಂದು ಅಧಿಕಾರಿಯ ದನಿಯಲ್ಲಿ ಕೇಳಿದೆ.

“ಬೀಗ ಹಾಕಿದ್ರೆ ಮಕ್ಕಳು ತೆಗ್ಯುದು ಹೇಗೆ ಸರ್?”

ನಮ್ಮ ಗ್ರಂಥಾಲಯದ ಬೀಗದಕೈ ಆಗ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ನಮ್ಮ ಪುಸ್ತಕಗಳು ಕೊಂಡ ದಿನ ಹೇಗಿದ್ದವೋ ಇಂದಿಗೂ ಹಾಗೆಯೇ ಇವೆ. ಅಸ್ಥಿಪಂಜರದ ಪ್ಲಾಸ್ಟಿಕ್ ಹೊದಿಕೆಯನ್ನೂ ನಾವು ಇನ್ನೂ ಬಿಚ್ಚಿಲ್ಲ. ನಾನು ಗ್ರಂಥಾಲಯದ ಅಂಕದ ಮನೆಯನ್ನು ಸದ್ಯಕ್ಕೆ ಖಾಲಿ ಬಿಟ್ಟೆ.

ಅಷ್ಟರಲ್ಲಿ ಹತ್ತನೆಯ ತರಗತಿಯಲ್ಲಿ ನಮ್ಮೂರ ಮನೀಷಾ ಕಂಡಳು. ಎರಡು ವರ್ಷದ ಹಿಂದೆ ನಮ್ಮ ಶಾಲೆ ಬಿಟ್ಟು ಹೋದವಳು, ಹನ್ನೊಂದು ಮಕ್ಕಳಲ್ಲಿ ಮೊದಲನೆಯವಳು. ಅವಳನ್ನು ಪಕ್ಕಕ್ಕೆ ಕರೆದೆ. ಮ್ಯಾಡಮ್ ಮನೆಮನೆಗೆ ಹೋಗಿ ಮಕ್ಕಳನ್ನು ಎಳೆದುಕೊಂಡಿದ್ದಾರೆ ಎಂದು ನನಗೆ ಬಲವಾದ ಅನುಮಾನವಿತ್ತು. ಅದು ಸಾಬೀತಾದರೆ ಹತ್ತು ಅಂಕ ಕಳೆಯಬಹುದು. ಪೆನ್ನಿನ ಮುಚ್ಚಳ ತೆಗೆದು ಮರಾಠಿಯಲ್ಲಿ ಮೆಲ್ಲಗೆ ಕೇಳಿದೆ: “ಹೆದರಬೇಡ ಮಗಳೇ. ಈ ಶಾಲೆ ಒಳ್ಳೆಯದು, ಇಲ್ಲಿಗೆ ಬಾ ಅಂತ ನಿನಗೆ ಹೇಳಿದವರು ಯಾರು?”

“ನೀವೇ ಸರ್.”

“ನಾನೇ?”

“ದಿನಾ ಪ್ರಾರ್ಥನೆ ಮುಗಿದ ಮೇಲೆ ಹೇಳ್ತಿದ್ದಿರಲ್ಲ ಸರ್. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಹೆಡ್‌ಸರ್ರೇ ಹೇಳ್ತಾರೆ ಅಂದ ಮೇಲೆ ಸುಳ್ಳಿರಲ್ಲ ಅಂತ ಅಪ್ಪ ಸೈಕಲ್ ಕೊಡಿಸಿದ.” ಅಷ್ಟರಲ್ಲಿ ಬಂದು ಅವಳ ಹಿಂದೆ ನಿಂತಿದ್ದ ನಮ್ಮೂರ ಉಳಿದ ಹತ್ತು ಮಂದಿಯೂ ಹೌದೆಂದು ತಲೆಯಾಡಿಸಿದರು. ಒಬ್ಬ ಹುಡುಗನಂತೂ ನನ್ನ ಭಾಷಣವನ್ನು ಬಾಯಿಪಾಠ ಒಪ್ಪಿಸಲು ಶುರುಮಾಡಿದ.

ಪೆನ್ನಿನ ಮುಚ್ಚಳ ಹಾಕಲು ನನಗೆ ಬಹಳ ಹೊತ್ತು ಹಿಡಿಯಿತು. ಗ್ರಂಥಾಲಯಕ್ಕೆ ಪೂರ್ತಿ ಅಂಕ ಕೊಟ್ಟು ಬಂದೆ. ಛಾವಣಿಯ ಸೊನ್ನೆಯನ್ನು ಮಾತ್ರ ಹಾಗೇ ಬಿಟ್ಟೆ. ಅಷ್ಟಾದರೂ ನನಗೆ ಬೇಕಿತ್ತು.

ಮರುದಿನ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ನನ್ನ ಹೊಗಳಿಕೆ ಹನ್ನೊಂದು ಮಕ್ಕಳನ್ನು ಆಚೆ ದಾಟಿಸಿತಲ್ಲ, ಅವರ ಹೊಗಳಿಕೆ ನಾಲ್ಕನ್ನಾದರೂ ಈಚೆ ದಾಟಿಸಬಾರದೇಕೆ? ಪವಾರರು ಉಳಿದುಕೊಳ್ಳುತ್ತಾರೆ. ನಾಚಿಕೆ ಬಿಟ್ಟು ಮುಂದಕ್ಕೆ ಬಗ್ಗಿ, “ಮ್ಯಾಡಮ್, ನಿಮ್ಮ ಪ್ರಾರ್ಥನೆಯಲ್ಲಿ ನಮ್ಮ ಶಾಲೆಯ ಬಗ್ಗೆಯೂ ಎರಡು ಒಳ್ಳೆಯ ಮಾತು ಹೇಳಿರಿ” ಎಂದೆ.

ಅವರು ಪ್ರಾಮಾಣಿಕವಾಗಿ ಎರಡು ಸ್ಟಾಪು ದಾಟುವವರೆಗೂ ಯೋಚಿಸಿದರು. “ಹೇಳ್ತೇನೆ ಸರ್, ಅದಕ್ಕೆಂತ! ಆದ್ರೆ ಎಂತ ಅಂತ ಹೇಳುದು? ನೀವೇ ಒಂದು ಬರ್ದು ಕೊಡಿ.”

ಅಂಥ ಅವಕಾಶ ಬಿಡುವುದುಂಟೇ? ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ‘ಅವರ ಅಸ್ಥಿಪಂಜರಕ್ಕೆ ಎಲ್ಲ ಎಲುಬೂ ಇವೆ’ ಎಂದು ಮೊದಲ ಸಾಲು ಬರೆದೆ. ಎರಡನೆಯ ಸಾಲಿಗಾಗಿ ಪೆನ್ನು ಕಚ್ಚುತ್ತ ಕೂತೆ. ಬಸ್ಸು ನಿಂತಿತು, ಹೊರಟಿತು, ಮತ್ತೆ ನಿಂತಿತು. “ಸರ್, ನೀವು ಇಳೀಲೇ ಇಲ್ವಲ್ಲ!” ಎಂದರು ಶೆಟ್ಟಿ ಮ್ಯಾಡಮ್. ತಲೆಯೆತ್ತಿ ನೋಡಿದರೆ ಎದುರಿಗೆ ಅರ್ಧ ಗೋಡೆ, ತಗಡಿನ ಛಾವಣಿ. ಮನೀಷಾ ಸೈಕಲ್ ನಿಲ್ಲಿಸಿ ನಮಸ್ಕಾರ ಮಾಡಿದಳು. ಹನ್ನೊಂದು ಮಕ್ಕಳ ಹಿಂದೆ ಹನ್ನೆರಡನೆಯವನಾಗಿ ನಾನೂ ಹೊಳೆ ದಾಟಿದ್ದೆ.