ಆಲೆಮನೆಯಲ್ಲಿ ಅಚ್ಚಾದ ಮುಖ

ಶೈಲಾ, ಗಜೂ, ನಮ್ಮ ಕಬ್ಬಿನ ಗಾಣದಿಂದ ಹಾಲಿನ ಜೊತೆ ಮನುಷ್ಯರೂ ಹೊರಬರುತ್ತಿದ್ದರು ಎಂದರೆ ನಂಬುತ್ತೀರಾ?

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿದ ಹೊಸತು. ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ, ಕೂಡ ಮುಂಬಯಿ ಬಿಟ್ಟು ಸಿದ್ದಾಪುರದ ಮನೆ ಸೇರಿದರು. ತಾಮ್ರದ ತಗಡಿನಿಂದ ಚಿತ್ರ ಅಚ್ಚು ಹಾಕುವ ವಿದ್ಯೆ ಕಲಿತು ಬಂದಿದ್ದರು. ಅದೇ ವರ್ಷ, ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿದ್ದಾಗಲೇ ನಿಮ್ಮಜ್ಜ ಹೋಗಿಬಿಟ್ಟರು. ಅವರದೊಂದು ಫೋಟೋವೂ ಇರಲಿಲ್ಲ. ಹುಟ್ಟುವ ಮಗುವಿಗೆ ಅಪ್ಪನೆಂದು ಯಾರನ್ನು ತೋರಿಸಲಿ?

ಭಾವನಿಗೆ ತಾಮ್ರದ ಪಾತ್ರೆಯೆಂದರೆ ಇನ್ನೂ ಬಿಡಿಸದ ಚಿತ್ರ. ಬಚ್ಚಲ ಹಂಡೆಯ ಮುಚ್ಚಳ ಒಂದು ಬೆಳಿಗ್ಗೆ ಮಾಯವಾಯಿತು. ಅದನ್ನು ಬಡಿದು ಸಪಾಟು ಮಾಡಿ, ಜೇನುಮೇಣ ಸವರಿ, ಸೂಜಿಯಿಂದ ಗೀರಿ ಆಸಿಡ್‌ನಲ್ಲಿ ಮಲಗಿಸಿದರು. ಗೀರಿದಲ್ಲಿ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ನೆನೆಸಿದ ಕಾಗದ ಹೊದಿಸಿ ಒತ್ತಬೇಕು. ಒತ್ತುವ ಯಂತ್ರ ಮುಂಬಯಿಯಲ್ಲೇ ಉಳಿದಿತ್ತು. ಗಾಣ ಇತ್ತಲ್ಲ! ಕಂಬಳಿ ಸುತ್ತಿ ಉರುಳೆಗಳ ನಡುವೆ ತೂರಿಸಿದರೆ, ಎತ್ತುಗಳು ನಿದ್ದೆಯಲ್ಲಿ ನಡೆದಂತೆ ಸುತ್ತುತ್ತಿದ್ದವು. ಬೆಲ್ಲದ ಹಬೆಯೊಳಗಿಂದ ಚಿತ್ರ ಮೆಲ್ಲಗೆ ಹೊರಬರುತ್ತಿತ್ತು. ಮಾರನೆಯ ದಿನ ಅದನ್ನು ನೋಡಲು ಇರುವೆಗಳು ಬರುತ್ತಿದ್ದವು.

ಮೊದಲು ಬಂದವರು ಅನ್ನ ಬಡಿಸುತ್ತಿರುವ ನನ್ನ ಅತ್ತೆ.

"ಎಂತದಾ ಇದು? ಆನು ಯಾವಾಗ ಎಡಗೈಯಲ್ಲಿ ಬಡಸಿದ್ದೆ?"

"ಆಯಿ, ತಾಮ್ರದ ಮೇಲೆ ಬಲಗೈಯೇ ಇದ್ದು. ಕಾಗದಕ್ಕೆ ಬಂದಾಗ ತಿರುಗ್ತು."

"ಹಂಗಾರೆ ಕಾಗದ ಎಂತಕ್ಕೆ? ಮುಚ್ಚಳವನ್ನೇ ವಾಪಸ್ ಹಂಡೆ ಮೇಲೆ ಇಡು. ಮಿಂದಾಗೆಲ್ಲ ನೋಡ್ಕತ್ತೆ."

ಆಲೆಮನೆ ಮುಗಿಯುತ್ತ ಬಂದಾಗ ಭಾವ ತಮ್ಮನ ಮುಖ ಕೊರೆಯಲು ಕುಳಿತರು. ಗೀರಿದರು, ಉಜ್ಜಿ ಅಳಿಸಿದರು, ಮತ್ತೆ ಗೀರಿದರು. ಮೂಗು ಬಂತು, ಮೀಸೆ ಬಂತು, ನಿಮ್ಮಜ್ಜ ಬರಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿದ್ದ ನನ್ನ ಕಡೆ ತಿರುಗದೆಯೇ ಕೇಳಿದರು:

"ತಂಗೀ, ಅಂವ ನಗಾಡಿದ್ರೆ ಹೆಂಗೆ ಕಾಣ್ತಿದ್ದ? ಎನ್ನ ಎದುರು ಅಂವ ನಗ್ತಾನೇ ಇತ್ನಿಲ್ಲೆ."

ಆ ಕಾಲದಲ್ಲಿ ಭಾವನೆದುರು ತಮ್ಮನ ಹೆಂಡತಿ ಬಾಯಿ ಬಿಡುವುದುಂಟೇ? ಮದುವೆಯಾಗಿ ಬಂದಮೇಲೆ ಅವರೊಡನೆ ಒಂದು ಮಾತೂ ಆಡಿದವಳಲ್ಲ. ಬಾಗಿಲ ಹಿಂದೆ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದೆ:

"ಒಂದು ಕಣ್ಣು ಪೂರಾ ಮುಚ್ಚಿ ಹೋಗ್ತಿತ್ತು. ಇನ್ನೊಂದು, ಯಾರಾದ್ರೂ ಬಂದ್ವಾ ಹೇಳಿ ನೋಡ್ತಾ ಇರ್ತಿತ್ತು."

ಭಾವ ಮೂಗು ಒರೆಸಿಕೊಂಡರು. ಸೂಜಿ ಮತ್ತೆ ಕೆರೆಯತೊಡಗಿತು.

ಅಚ್ಚಾದ ಒದ್ದೆ ಕಾಗದವನ್ನು ಭಾವ ಹೊಸ್ತಿಲ ಮೇಲಿಟ್ಟು ದೂರ ಸರಿದರು. ಬದುಕಿದ್ದಾಗ ನಾಚಿಕೆಯಿಂದ ಓರೆಗಣ್ಣಲ್ಲಿ ನೋಡಿದ್ದೇ ಹೊರತು ನಿಮ್ಮಜ್ಜನನ್ನು ನಾನು ನೆಟ್ಟಗೆ ನೋಡಿರಲಿಲ್ಲ. ಅಂದು ಕಾಗದ ಒಣಗುವವರೆಗೂ ನೋಡಿದೆ.

ಈ ಪತ್ರದ ಹಾಳೆಗಳ ನಡುವೆ ಅವರಿದ್ದಾರೆ. ಮಡಚದೆ, ತೇವ ತಾಗದಂತೆ ಜೋಪಾನ ಮಾಡಿ.