ಗದಗಿನ ನೀಲಾಂಬಿಕೆಯ ದಿಂಬುವಿಜಯ

ಹೇ ಸೂಜಿಯೇ! ಏಕನೇತ್ರೆಯೇ, ಕೃಶಾಂಗಿಯೇ, ಜೀರ್ಣವಸ್ತ್ರಸಂಧಾನಚತುರೆಯೇ, ಹೆಬ್ಬೆರಳ ನೆತ್ತರಿನ ರುಚಿ ಬಲ್ಲವಳೇ! ಬೇಕೆಂದು ಹುಡುಕಿದಾಗ ಡಬ್ಬಿಯಲ್ಲಿ ಸಿಗದೆ, ಬೇಡವಾದಾಗ ಅಂಗಾಲಿಗೆ ತಾನಾಗಿ ಸಿಗುವ ಮಾಯಾವಿನಿಯೇ! ನಿನ್ನನ್ನು ನೆನೆದ ಮೇಲೆಯೇ ಈ ಕಥೆ ಮೊದಲಾಗಲಿ. ದಾರ ಗಂಟಾಗದಿರಲಿ, ಕೇಳುವವರು ನಡುವೆ ಎದ್ದು ಗ್ಯಾಸ್ ಆರಿಸಲು ಓಡದಿರಲಿ.

ಅದು ಫೋಮುಯುಗ. ಹತ್ತಿಯ ರಾಜ್ಯಭಾರ ಮುಗಿದು, ಪ್ಲಾಸ್ಟಿಕ್ ಚೀಲದೊಳಗೆ ಉಸಿರುಗಟ್ಟಿ ಕುಳಿತ ದಿಂಬುಗಳು ಅಂಗಡಿಗಳ ಮುಂದೆ ತೂಗುಬಿದ್ದು, ಹೋಗಿಬರುವ ಗೃಹಸ್ಥರ ಜೇಬುಗಳನ್ನು ದಿಟ್ಟಿಸುತ್ತಿದ್ದ ಕಾಲ. ಆ ಯುಗದಲ್ಲಿ, ಗದಗ ಪಟ್ಟಣದಲ್ಲಿ, ಬಿಸಿಲು ತಗಡಿನ ಮೇಲೆ ರೊಟ್ಟಿ ಸುಡುವಂಥ ಒಂದು ಓಣಿಯಲ್ಲಿ, ಟಿಫಿನ್‌ಡಬ್ಬಿಭರಣಧುರಂಧರೆಯೂ ಸಮವಸ್ತ್ರಪ್ರಕ್ಷಾಲನಪರಿಣತೆಯೂ ಹೋಂವರ್ಕುಮರ್ದಿನಿಯೂ ಇಬ್ಬರು ಮಕ್ಕಳ ತಾಯಿಯೂ ಆದ ನೀಲಾಂಬಿಕೆ ಎಂಬ ವೀರವನಿತೆ ಇದ್ದಳು. ಆಕೆಯ ಪತಿ ಸಂಗನಬಸಪ್ಪ, ಸಹಕಾರಿ ಸಂಘವೊಂದರ ಗುಮಾಸ್ತ, ಸಲಹಾದಾನಶೂರ. ಆಕೆಯ ಅತ್ತೆ ಈರವ್ವ, ಸಕಲಸಂಪ್ರದಾಯಕೋಶಾಧ್ಯಕ್ಷೆ, ಸೊಸೆಯ ಕೆಲಸವನ್ನು ಕಣ್ಣಿನಿಂದಲೇ ಅರ್ಧ ಮಾಡಿ ಮುಗಿಸುವವಳು, ಉಳಿದರ್ಧ ಸೊಸೆಯದು.

ಆ ಸೀಮೆಯಲ್ಲಿ ಮಲಗುವ ಹಾಸಿಗೆಗೂ ಗಾದಿ ಎನ್ನುತ್ತಾರೆ, ಅರಸರ ಸಿಂಹಾಸನಕ್ಕೂ ಗಾದಿ ಎನ್ನುತ್ತಾರೆ. ಅರಸರು ಹೋದರು. ಗಾದಿ ಉಳಿಯಿತು, ಗಾದಿಯ ಮೇಲೆ ಸಂಗನಬಸಪ್ಪ ಉಳಿದ.

ಯುದ್ಧದ ಮೂಲ ಒಂದೇ ಒಂದು ಮಾತು. ಸೊಲ್ಲಾಪುರಕ್ಕೆ ಕೊಟ್ಟ ದಾನಮ್ಮ, ಸಂಗನಬಸಪ್ಪನ ಅಕ್ಕ, ಹಿಂದೊಮ್ಮೆ ತವರಿಗೆ ಬಂದು ಒಂದು ರಾತ್ರಿ ಇದ್ದು ಹೋಗಿದ್ದಳು. ಅದಾದ ಸ್ವಲ್ಪ ದಿನಕ್ಕೆ, ಯಾರದೋ ಮದುವೆಯ ಪಂಕ್ತಿಯಲ್ಲಿ ಕೇಳಿದ್ದನ್ನು ಚಿಗವ್ವ ಎಂಬ ರೋಣದ ಚಿಕ್ಕಮ್ಮ ಫೋನಿನಲ್ಲಿ ತಂದು ನೀಲಾಂಬಿಕೆಯ ಕಿವಿಗೆ ಸುರಿದಳು. “ನಿನಗ ಸಿಟ್ಟು ಬರಬಾರದು ಮತ್ತ. ದಾನವ್ವ ಅನ್ನಾಕತ್ತಿದ್ಲು, ತಮ್ಮನ ಮನ್ಯಾಗ ನೀಲಾ ನಮಗ ಇಟ್ಟಂಗಿ ಕೊಟ್ಲು ಅಂತ. ಎಲ್ಲಾರೂ ಬಿದ್ದು ಬಿದ್ದು ನಕ್ಕರವಾ.”

ಇಟ್ಟಂಗಿ! ಸುಟ್ಟ ಮಣ್ಣಿನ, ನಾಲ್ಕು ಮೂಲೆಯ, ಗೋಡೆಗೆ ಹಚ್ಚುವ ಇಟ್ಟಿಗೆ! ಯಾವುದಕ್ಕೆ ಹಾಗೆಂದಳೆಂದು ನೀಲಾಂಬಿಕೆ ಕೇಳಲಿಲ್ಲ. ಅಪರಾಧಿಗೆ ಅಪರಾಧದ ಹೆಸರು ಹೇಳಬೇಕಾಗಿರಲಿಲ್ಲ. ಆ ರಾತ್ರಿ ಅತಿಥಿಗೆಂದು ತಾನೇ ತೆಗೆದುಕೊಟ್ಟ ತಲೆದಿಂಬು, ಹತ್ತಿ ಗಂಟುಗಟ್ಟಿ, ಮದುವೆಯಾದ ವರ್ಷದಿಂದ ಬಿಸಿಲು ಕಾಣದೆ, ತಟ್ಟಿದರೆ ಬಾಗಿಲು ಬಡಿದ ಸದ್ದು ಕೊಡುತ್ತಿದ್ದ ಆ ದಿಂಬು, ಆಕೆಯ ಕಣ್ಣ ಮುಂದೆ ಬಂದು ನಿಂತಿತು. ಫೋನು ಕೆಳಗಿಟ್ಟು, ಲಟ್ಟಣಿಗೆಯನ್ನು ಗದೆಯಂತೆ ಎತ್ತಿ ಹಿಡಿದು, ಆಕೆ ಅಡುಗೆಮನೆಯ ನಾಲ್ಕು ದಿಕ್ಕೂ ಕೇಳುವಂತೆ ಪ್ರತಿಜ್ಞೆ ಮಾಡಿದಳು.

“ಕೇಳ್ರಿ ಎಲ್ಲಾರೂ! ಆ ಹೆಣ್ಣಮಗಳು ತನ್ನ ಬಾಯಿಲೆ ಮೆತ್ತಗೈತಿ ಅನ್ನೂತನಕ ಈ ನೀಲಾ ದಿಂಬಿಗೆ ತಲಿ ಹಚ್ಚೂದಿಲ್ಲ!”

“ಹಂಗಾದ್ರ ನಿನ್ನ ದಿಂಬು ಇತ್ತಾಗ ಕೊಡು,” ಎಂದ ಸಂಗನಬಸಪ್ಪ, ಪಡಸಾಲೆಯಿಂದ. “ನನಗ ಕಾಲಿಗೊಂದು ಬೇಕಾಗಿತ್ತು.”

ಕಾಲ ಕಳೆಯಿತು. ಪ್ರತಿಜ್ಞೆ ತೋಳಿನ ಮೇಲೆ ತಲೆಯಿಟ್ಟು ಮಲಗುತ್ತಾ ಬಂತು. ಕಡೆಗೊಂದು ದಿನ ಸೊಲ್ಲಾಪುರದಿಂದ ರಣಕಹಳೆ ಮೊಳಗಿತು. ದಾನಮ್ಮನ ಮಗನ ಲಗ್ನ ಗೊತ್ತಾಗಿದೆ. ತವರಿಗೆ ಮೊದಲ ಪತ್ರಿಕೆ ಕೊಡಲು ರವಿವಾರ ತಾನೇ ಬರುತ್ತಾಳೆ. ನೀಲಾಂಬಿಕೆ ಲೆಕ್ಕ ಹಾಕಿದಳು. ಆ ಲಗ್ನಕ್ಕೆ ಮೂರು ಜಿಲ್ಲೆಗಳ ಬಳಗ ಸೇರುವುದು. ಪಂಕ್ತಿಯಲ್ಲಿ ಇಟ್ಟಂಗಿಯ ಮಾತು ಮತ್ತೊಮ್ಮೆ ಎದ್ದರೆ, ಮೈಮೇಲೆ ಎಂಥ ಸೀರೆ ಇದ್ದರೇನು, ತಲೆಯೆತ್ತಿ ಊಟಕ್ಕೆ ಕೂಡುವುದು ಹೇಗೆ? ಈ ರವಿವಾರ ಗೆದ್ದರೆ ಗೆದ್ದಂತೆ. ಸೋತರೆ ಆಯುಷ್ಯಪೂರ್ತಿ ಆಕೆ ಬಳಗದಲ್ಲಿ ಇಟ್ಟಂಗಿ ನೀಲಾ.

“ಅಂಗಡ್ಯಾಗಿಂದ ತಂದ ಬಿಡ್ತೀನಿ,” ಎಂದು ಸಂಗನಬಸಪ್ಪ ಎದೆಯುಬ್ಬಿಸಿ ಹೊರಟ. ಹೋದಷ್ಟೇ ವೇಗದಲ್ಲಿ, ಬರಿಗೈಯಲ್ಲಿ, ಮುಖದ ಮೇಲೆ ವೈರಾಗ್ಯ ಹೊತ್ತು ತಿರುಗಿ ಬಂದ.

“ಫೋಮು ಕುತ್ಗಿಗೆ ಚಲೋ ಅಲ್ಲಂತ.”

“ಯಾರಂದ್ರು?”

“ಯಾರೂ ಅನ್ಲಿಲ್ಲ. ರೇಟು ನೋಡಿದ ಮ್ಯಾಲ ನನಗಽ ಅನಿಸ್ತು.”

ಆಗ ನೀಲಾಂಬಿಕೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೈನ್ಯ ಜಮಾಯಿಸಲು ಎದ್ದಳು. ಅಟ್ಟದ ಮೇಲಿಂದ ಹರಕು ಗಾದಿಯೊಂದು ಕೆಳಗಿಳಿಯಿತು. ಅದರ ಹೊಟ್ಟೆ ಸೀಳಿ ಹತ್ತಿ ತೆಗೆಯಲಾಯಿತು. ಕಿಟಕಿಯ ಪರದೆ, ಈರವ್ವನ ಸವೆದ ಇಳಕಲ್ ಸೀರೆ, ಮಗಳ ಗಿಡ್ಡವಾದ ಶಾಲೆಯ ಲಂಗ, ಎಲ್ಲವೂ ಕತ್ತರಿಯ ಮುಂದೆ ಸಾಲಾಗಿ ನಿಂತವು. ಸಂಗನಬಸಪ್ಪನ ನೀಲಿ ಗೀಟಿನ ಲುಂಗಿಯ ಸರದಿ ಬಂದಾಗ ಮಾತ್ರ ಅಪಸ್ವರ ಎದ್ದಿತು.

“ಅದು ನಡೀತೈತಿ ಇನ್ನೂ!”

“ಬೆಳಕಿಗೆ ಹಿಡೀರಿ. ಓಣಿ ತುಂಬ ಕಾಣ್ತೈತಿ.”

ಲುಂಗಿ ವೀರಮರಣವನ್ನಪ್ಪಿತು. ಪ್ರತಿಯಾಗಿ ಅದರ ಒಡೆಯ ಹತ್ತಿ ಅರಳಿಸುವ ಸೇನಾಪತ್ಯವನ್ನು ಬೇಡಿದ. “ಹತ್ತಿ ನನಗ ಬಿಡು. ನಮ್ಮಜ್ಜ ಬಡಿಗಿ ಎತ್ತಿದ್ರ ಹತ್ತಿ ತಾನಾಗಿ ಅರಳ್ತಿತ್ತು. ಅದಽ ರಕ್ತ ಇದು!” ಎಂದು ಗರ್ಜಿಸಿ, ಮಾಳಿಗೆಯ ಮೇಲೆ ಹತ್ತಿಯ ಗುಡ್ಡ ಸುರಿದು, ಬಡಿಗೆಯೆತ್ತಿ ಬಡಿದ. ಅಜ್ಜನ ರಕ್ತ ಇತ್ತು, ನಿಜ. ಅಜ್ಜನ ಕಾಲದ ನಿಂತ ಗಾಳಿ ಇರಲಿಲ್ಲ. ಆಕಾಶಕ್ಕೆ ನೆಗೆದ ಹತ್ತಿ ಶರತ್ಕಾಲದ ಮುಗಿಲಿನಂತೆ ತೇಲಿ, ಪಕ್ಕದ ಮನೆಯ ಮಾಳಿಗೆಯಲ್ಲಿ ಒಣಗುತ್ತಿದ್ದ ಸಂಡಿಗೆಯ ಮೇಲೆ ಪುಷ್ಪವೃಷ್ಟಿಯಾಗಿ ಇಳಿಯಿತು.

“ಸಂಗಣ್ಣಾ! ಸಂಡಿಗಿಗೆ ಮೀಸಿ ಬಂದ್ವಲ್ಲೋ!” ಎಂದು ಆ ಕಡೆಯಿಂದ ಕೂಗು ಬಂತು. ಸೇನಾಪತಿ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮೂಗಿನೊಳಗೆ ಶತ್ರು ಹೊಕ್ಕಿದ್ದ. ಸೀನುತ್ತ ಸೀನುತ್ತ ಮೆಟ್ಟಿಲಿಳಿದು ಹೋದವನು, ಸ್ನಾನದ ನೆವದಲ್ಲಿ ರಣರಂಗದಿಂದ ಕಾಯಂ ನಿವೃತ್ತನಾದ. ಉಳಿದ ಹತ್ತಿಯನ್ನು ನೀಲಾಂಬಿಕೆ ಕೋಣೆಯ ಬಾಗಿಲು ಹಾಕಿಕೊಂಡು ಬೆರಳಿನಿಂದಲೇ ಬಿಡಿಸಿದಳು. ಬಿಡಿಸುತ್ತಲೇ ಮಗನಿಗೆ ಮಗ್ಗಿ ಹೇಳಿಸಿದಳು, ಬಿಡಿಸುತ್ತಲೇ ಕುಕ್ಕರಿನ ಸೀಟಿ ಎಣಿಸಿದಳು. ಮಹಾವೀರರಿಗೆ ಒಂದು ಹೊತ್ತಿಗೆ ಒಂದೇ ಯುದ್ಧ ಇರುತ್ತದೆ ಎಂದು ಬರೆದವರು ಯಾರೂ ತಾಯಂದಿರಾಗಿರಲಿಲ್ಲ.

ಬಳಿಕ ಹೊಲಿಗೆ. ಬೆಲ್ಟು ಜಾರುವ ಆ ಮೆಷಿನ್ನು, ಮೂರು ಹೊಲಿಗೆಗೊಮ್ಮೆ ಮುನಿದು ದಾರ ಕಡಿಯುವ ಆ ಮುಂಗೋಪಿ, ಕಡೆಗೂ ಆಕೆಯ ಕಾಲ ಕೆಳಗೆ ಶರಣಾಯಿತು. ಚೀಲಗಳು ಒಳಮೈ ಹೊರಮೈ ತಿರುಗಿದವು. ಹತ್ತಿ ತುಂಬಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಗಾದಿಯೊಂದು, ಒರಗುವ ಲೋಡೊಂದು, ನಾಲ್ಕು ತಲೆದಿಂಬುಗಳು ಉಬ್ಬಿದ ಹೊಟ್ಟೆ ಹೊತ್ತು, ಬಾಯಿ ತೆರೆದು, ಕೊನೆಯ ಕೈಹೊಲಿಗೆಗಾಗಿ ಕಾದು ಕುಳಿತವು. ಆಗ ಬಾಗಿಲಲ್ಲಿ ಈರವ್ವ ಕಾಣಿಸಿಕೊಂಡಳು.

“ನಿಲ್ಲು. ಬಾಯಿ ಮುಚ್ಚೂಕಿಂತ ಮೊದ್ಲ ಒಂದೊಂದು ತುಣಕ ರೊಟ್ಟಿ ಒಳಗ ಇಡು.”

“ರೊಟ್ಟಿ? ದಿಂಬಿಗ್ಯಾಕ್ರಿ ಅತ್ತಿ?”

“ನಮ್ಮವ್ವ ಕೌದಿ ಹೊಲಿಯೂ ಮುಂದ ಇಡ್ತಿದ್ಲು. ಅದರ ಹೊಟ್ಟಿ ತುಂಬಿಸಿ ಬಾಯಿ ಮುಚ್ಚಬೇಕು. ಉಪಾಸ ಬಿದ್ದದ್ದು ಮಂದಿಗೆ ಏನ್ ನಿದ್ದಿ ಕೊಡ್ತೈತಿ?”

ಅತ್ತೆ ಹೋದ ಮೇಲೆ ನೀಲಾಂಬಿಕೆ ಕೈಯಲ್ಲಿದ್ದ ಕಟಿ ರೊಟ್ಟಿಯ ಚೂರನ್ನು ನೋಡಿದಳು. ಜೋಳದ್ದು, ಒಣಗಿದ್ದು, ಮುರಿದರೆ ಕಟ್ಟೆನ್ನುವಂಥದ್ದು. ಇದನ್ನು ಸೊಲ್ಲಾಪುರದ ಆ ನಾಲಿಗೆಯ ಕೆಳಗಿಡುವುದೇ? ಇಟ್ಟಂಗಿಯ ಜಾಗಕ್ಕೆ ಹಂಚನ್ನು ತಂದಂತಾಗಲಿಲ್ಲವೇ? ಔದಾರ್ಯ ಎಂಬುದು ವೀರರ ಗುಣ, ಮತ್ತು ಅವರನ್ನು ಕೆಡಿಸುವುದೂ ಅದೇ. ನಾಳಿನ ಊಟಕ್ಕೆಂದು ಮಾಡಿಟ್ಟಿದ್ದ ಶೇಂಗಾ ಹೋಳಿಗೆಯನ್ನು, ಬೆಲ್ಲ ಒಸರುವ ಹೂರಣದ ಆ ಘಮಘಮ ಹೋಳಿಗೆಯನ್ನು ಮುರಿದು, ಒಂದೊಂದು ದಿಂಬಿಗೆ ಒಂದೊಂದು ತುಂಡು, ಗಾದಿಗೆ ಹಿರಿಯಳೆಂದು ಒಂದಿಡೀ ಹೋಳಿಗೆ ಉಣಿಸಿ, ಬಾಯಿ ಹೊಲಿದು ಮುಚ್ಚಿ, ಆಕೆ ವಿಜಯದ ನಗೆ ನಕ್ಕಳು.

ರವಿವಾರ ಬೆಳಿಗ್ಗೆ ಬಾಗಿಲು ತೆರೆದರೆ, ಅಯ್ಯೋ!

ಗೋಡೆಯ ಬಿರುಕಿನಿಂದ ಹೊರಟು, ಹೊಸ್ತಿಲು ದಾಟಿ, ಮೆಷಿನ್ನಿನ ಕಾಲು ಬಳಸಿ, ಕೋಣೆಯ ಉದ್ದಕ್ಕೂ ಒಂದು ಕೆಂಪು ಹೊಳೆ ಹರಿಯುತ್ತಿತ್ತು. ರಕ್ತವರ್ಣದ, ಷಟ್ಪಾದದ, ಅಗಣಿತಸಂಖ್ಯೆಯ, ಗುಡವಾಸನಾಮಾತ್ರಪ್ರೇರಿತವಾದ ಪಿಪೀಲಿಕಾಸೇನೆ! ಪಡೆಯೊಂದು ಗಾದಿಯ ಮೇಲೆ ಪಟ್ಟಾಭಿಷೇಕ ನಡೆಸಿತ್ತು. ಇನ್ನೊಂದು ದಿಂಬುಗಳ ಹೊಲಿಗೆಯ ಸಂದಿಯಲ್ಲಿ ಒಳಹೊರಗೆ ಓಡಾಡಿ ಲೂಟಿ ಸಾಗಿಸುತ್ತಿತ್ತು. ಅತಿಥಿಯ ಬಸ್ಸು ಆಗಲೇ ವಿಜಯಪುರ ದಾಟಿದೆಯೆಂದು ಫೋನು ಬಂದಿತ್ತು.

“ಏನ್ರೀ! ಬರ್ರಿ ಇಲ್ಲೆ!”

ಸಂಗನಬಸಪ್ಪ ಬಂದ, ಕಂಡ, ಒಂದು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಹಾರಿದ. “ಕಚ್ಚಿದ್ವು! ಔಷಧ ಹೊಡಿ ಅದಕ್ಕ!”

“ಔಷಧ ಹೊಡದ ದಿಂಬಿನ ಮ್ಯಾಲ ನಿಮ್ಮಕ್ಕನ್ನ ಮಲಗಸ್ಲೇನು? ಇಟ್ಟಂಗಿ ಕೊಟ್ಟಾಕಿ ವಿಷಾನೂ ಕೊಟ್ಲು ಅಂತಾರ!”

ಈರವ್ವ ಹೊಸ್ತಿಲ ಆಚೆ ನಿಂತು ಪರಿಸ್ಥಿತಿಯ ಅವಲೋಕನ ನಡೆಸಿದಳು.

“ನಾ ರೊಟ್ಟಿ ಅಂದಿದ್ದೆ.”

“ಹೌದ್ರಿ.”

“ಹೋಳಿಗಿ ಅಂದಿದ್ದಿಲ್ಲ.”

“ಇಲ್ರಿ.”

“ಇರುವಿಗೆ ಬಾಯಿ ತುಂಬ ಸಿಕ್ತು. ನಮಗ ಊಟಕ್ಕ ಉಳದಾವೋ ಇಲ್ಲೋ ನೋಡು.”

ಮುಂದಿನದನ್ನು ವರ್ಣಿಸಲು ಸಾವಿರ ನಾಲಿಗೆ ಸಾಲದು. ಬೈಯಲಂತೂ ನೀಲಾಂಬಿಕೆಗೆ ಇದ್ದ ಒಂದೇ ಸಾಕಾಯಿತು. ಎರಡು ಕೈಗೂ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಗಾದಿ ದಿಂಬುಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದು, ತಾನೇ ಹೊಲಿದ ಬಾಯಿಗಳನ್ನು ತಾನೇ ಹರಿದು, ಹತ್ತಿಯನ್ನು ಉರಿಬಿಸಿಲಿಗೆ ಸುರಿದು, ಹೋಳಿಗೆಯ ಅವಶೇಷಗಳನ್ನು ಓಣಿಯ ಕೊನೆಗೆ ಎಸೆದಳು. ನಾಯಕನಿಲ್ಲದ ಆ ಕೆಂಪು ಸೇನೆ ಹೋಳಿಗೆಯ ಬೆನ್ನು ಹತ್ತಿತು. ಹತ್ತಿ ಕಾಯುವಷ್ಟರಲ್ಲಿ ಆಕೆ ಮಕ್ಕಳಿಗೆ ಎರೆದು, ಅನ್ನಕ್ಕಿಟ್ಟು, ಇರುವೆ ಕಚ್ಚಿದಲ್ಲೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದಳು. ಮತ್ತೆ ತುಂಬಿದಳು. ಮತ್ತೆ ಹೊಲಿದಳು, ಅವಸರದಲ್ಲಿ ಹೆಬ್ಬೆರಳಿಗೂ ಒಂದು ಹೊಲಿಗೆ ಬಿತ್ತು. ಕೊನೆಯ ದಿಂಬಿನ ಕೊನೆಯ ಗಂಟನ್ನು ಹಲ್ಲಿನಿಂದ ಕಡಿಯುವುದಕ್ಕೂ ಓಣಿಯಲ್ಲಿ ಆಟೋ ನಿಲ್ಲುವುದಕ್ಕೂ ಸರಿಹೋಯಿತು.

ದಾನಮ್ಮ ಬಂದಳು. ಕೈಕಾಲು ತೊಳೆದಳು, ತಾಯಿಯ ಕೈಗೆ ಪತ್ರಿಕೆಯಿತ್ತು ಕಾಲಿಗೆ ನಮಸ್ಕರಿಸಿದಳು, ಉಂಡಳು. “ಯವ್ವಾ, ಸ್ವಲ್ಪ ಅಡ್ಡ ಆಗ್ತೀನಿ,” ಎಂದು ಒಳಕೋಣೆಗೆ ಹೋದಳು. ಅಲ್ಲಿ, ತೊಳೆದ ಹಾಸಿಗೆವಸ್ತ್ರದ ಮೇಲೆ, ಇಳಕಲ್ಲಿನ ಅಂಚು ಹಚ್ಚಿದ ಶ್ರೇಷ್ಠದಿಂಬು ರಾಜಮುಕುಟದಂತೆ ಅವಳ ಶಿರಸ್ಸಿಗಾಗಿ ಕಾದಿತ್ತು. ನೀಲಾಂಬಿಕೆ ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತಳು. ಈಗ ಅನ್ನುತ್ತಾಳೆ. ಇನ್ನೇನು ಅಂದಳು.

ದಾನಮ್ಮ ದಿಂಬನ್ನು ಎತ್ತಿದಳು. ಒಮ್ಮೆ ತಟ್ಟಿದಳು. ಮಂಚದ ಆ ಕೊನೆಗೆ ಒಯ್ದು, ಬಸ್ಸಿನಲ್ಲಿ ಕೂತು ಬಾತಿದ್ದ ತನ್ನ ಎರಡೂ ಪಾದಗಳನ್ನು ಅದರ ಮೇಲೆ ಇಟ್ಟು, ತಲೆಗೆ ತನ್ನ ತೋಳನ್ನೇ ಮಡಚಿಕೊಂಡು, ಗೊರಕೆ ಹೊಡೆಯತೊಡಗಿದಳು.

ಸಂಜೆಯ ಚಹಾದ ಹೊತ್ತಿಗೆ ನೀಲಾಂಬಿಕೆಯ ತಾಳ್ಮೆಯ ದಾರ ಕಡಿಯಿತು.

“ಅಕ್ಕಾರ, ದಿಂಬು ಹೆಂಗಿತ್ರೀ?”

“ಯಾವ ದಿಂಬು?”

“ನಿಮ್ಮ ಕಾಲಾಗಿಂದು.”

“ಓ, ಅದಾ. ಇತ್ತಲ್ಲ. ಯಾಕ?”

“ಹೋದ ಸಲ ನಾ ಕೊಟ್ಟ ದಿಂಬಿಗೆ ಇಟ್ಟಂಗಿ ಅಂದ್ರಂತಲ್ಲ! ಮಂದ್ಯಾಗ ಹೇಳಿ ನಕ್ರಂತಲ್ಲ! ಆ ಮಾತು ಹಿಡಕೊಂಡು ನಾ ಇವತ್ತಿನತನಕ ನೆಟ್ಟಗ ಮಲಗಿಲ್ರಿ.”

ದಾನಮ್ಮ ಬಸಿಯಲ್ಲಿ ಚಹಾ ಸುರಿಯುತ್ತಿದ್ದವಳು ಹಾಗೇ ನಿಂತಳು. ನೆನಪಿನ ಗಂಟುಗಳನ್ನು ಬಿಚ್ಚಿ ನೋಡಿದಳು. ಆಮೇಲೆ ಬಸಿ ಅಲುಗಿ ಚಹಾ ಚೆಲ್ಲುವಷ್ಟು ನಗತೊಡಗಿದಳು.

“ಅಯ್ಯ ಹುಚ್ಚಿ! ದಿಂಬಿಗ್ಯಾರಂದ್ರು? ನೀ ಬುತ್ತಿ ಕಟ್ಟಿ ಕೊಟ್ಟಿದ್ಯಲ್ಲ, ಮೈಸೂರಪಾಕ! ಬಸ್ಸಿನ್ಯಾಗ ನಮ್ಮವರು ಕಡ್ಯಾಕ ಹೋಗಿ, ಸೊಲ್ಲಾಪುರ ಬರೂತನಕ ದವಡಿ ಹಿಡಕೊಂಡು ಕುಂತ್ರು! ಅದಕ್ಕಂದೆ ಇಟ್ಟಂಗಿ!”

ಸಂಗನಬಸಪ್ಪ ಗೋಡೆಯ ಕಡೆ ಮುಖ ತಿರುಗಿಸಿದ; ಅವನ ಹೆಗಲುಗಳು ಮಾತ್ರ ಕುಣಿಯುತ್ತಿದ್ದವು.

“ಮತ್ತ... ದಿಂಬು?” ಎಂದಳು ನೀಲಾಂಬಿಕೆ, ಮೆಲ್ಲಗೆ.

“ಯಾವ ದಿಂಬವ್ವಾ? ಆ ರಾತ್ರಿ ನಾ ಮಲಗಿದ್ದಽ ಇಲ್ಲ. ನೀನೂ ನಾನೂ ಅಡಗಿಮನ್ಯಾಗ ಬೆಳಕ ಹರಿಯೂತನಕ ಮಾತಾಡ್ಕೋಂತ ಕುಂತಿದ್ವಲ್ಲ. ಆಗ ನಮ್ಮಪ್ಪ ಇನ್ನೂ ಇದ್ದ, ಅವಗ ಆಪರೇಷನ್ ಆದ ಹೊತ್ತು. ನೀ ಕಣ್ಣೀರು ಹಾಕಿದಿ. ನಾನೂ ಹಾಕಿದೆ. ಮರ್ತಿಯೇನು?”

ಮರೆತಿದ್ದಳು. ದಿಂಬು ನೆನಪಿತ್ತು, ಅದರ ಮೇಲೆ ಯಾರೂ ಮಲಗಿರಲಿಲ್ಲವೆಂಬುದು ನೆನಪಿರಲಿಲ್ಲ.

ಬಾಗಿಲಿಗೆ ಅಡ್ಡವಾಗಿದ್ದ ದಾನಮ್ಮನಿಗೆ “ಸರೀರಿ ಅತ್ತಾಗ,” ಎಂದು ನೀಲಾಂಬಿಕೆ ಒಳಗೆ ಹೋಗಿ ಗಾದಿಯ ಒಂದು ಅಂಚಿನಲ್ಲಿ ಉರುಳಿಕೊಂಡಳು. ಹೊರಗೆ ಮಗ “ಯವ್ವಾ” ಎಂದು ಕೂಗಿದ. ದಾನಮ್ಮ ಅವನಿಗೆ ಗದರಿ, ಬಾಗಿಲು ಮುಂದೆ ಮಾಡಿದಳು.

ಹೀಗೆ ಮುಗಿದ ಆ ಮಹಾಸಮರದಲ್ಲಿ ಹತವಾದದ್ದು ಒಂದು ಲುಂಗಿ. ಗಾಯಗೊಂಡದ್ದು ಒಂದು ಹೆಬ್ಬೆರಳು. ಗೆದ್ದ ಭೂಮಿ ಅರ್ಧ ಗಾದಿ, ಅದೂ ದೀಪ ಹಚ್ಚುವ ಹೊತ್ತಿನವರೆಗೆ. ಈ ಕಥೆಯನ್ನು ಪೂರ್ತಿ ಓದಿದವರಿಗೆ ಹತ್ತಿ ಗಂಟಾಗದಿರಲಿ, ಮೂಗಿಗೆ ಹೋಗದಿರಲಿ, ಮಂದಿ ಅಂದ ಮಾತು ಯಾವುದಕ್ಕೆ ಅಂದದ್ದೆಂದು ಅಂದೇ ತಿಳಿಯಲಿ. ದಿಂಬು ಮೆತ್ತಗಿತ್ತೋ ಇಲ್ಲವೋ, ಅದನ್ನು ಮಾತ್ರ ಕಡೆಗೂ ಯಾರೂ ಹೇಳಲಿಲ್ಲ.