ಆಫ್ರಿಕಾದಾಗ ಇಂಟರ್ನೆಟ್ ಬಂದ್

ಘಟಪ್ರಭಾ ಸ್ಟೇಷನ್ ಎದುರು ನನ್ನದೊಂದು ಇಂಟರ್ನೆಟ್ ಅಂಗಡಿ ಇತ್ತು. ಅಂಥಾ ಅಂಗಡಿಯಲ್ಲಿ ನಗುವಂಥಾದ್ದು ದಿನಾ ಏನಾದರೊಂದು ನಡೆದೇ ನಡೆಯುತ್ತದೆ. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೇಸಿಗೆಯಲ್ಲಿ ನಡೆದದ್ದಕ್ಕೆ ನಕ್ಕೆವು ಖರೆ, ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.

೧. ಕಡೀ ಮೇಲ್

ತುಕ್ಕಾನಟ್ಟಿಯ ಸಾಲಿ ಟೀಚರ್ ಒಬ್ಬರು ಪ್ರತಿ ರವಿವಾರ ಬರುತ್ತಿದ್ದರು. ಅವರ ಗಂಡ ಆಫ್ರಿಕಾದ ಒಂದು ದೇಶದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಆ ಬೇಸಿಗೆಯ ಒಂದು ರವಿವಾರ ಅವರ ಮೇಲ್ ಬಂದಿತ್ತು: "ನಾಳೆ ಇಲ್ಲಿ ಎಲೆಕ್ಷನ್. ಸರ್ಕಾರ ಇಂಟರ್ನೆಟ್ಟು, ಫೋನು ಎರಡೂ ಬಂದ್ ಮಾಡ್ತೈತಂತ. ಚಿಂತಿ ಮಾಡಬ್ಯಾಡ. ಬಂದ್ ಆದಕೂಡಲೇ ಇ-ಮೇಲ್ ಮಾಡಿ ತಿಳಸ್ತೇನಿ."

ಮುಂದಿನ ರವಿವಾರ ಟೀಚರ್ ಎರಡು ತಾಸು ಕೂತು ಆ ಮೇಲಿನ ದಾರಿ ಕಾಯ್ದರು.

೨. ಹಿಂದಿನ ಬಾಗಿಲು

ಮೂರನೇ ವಾರ ಟೀಚರ್ ಜೊತೆ ಅವರ ಮಾವ, ಗಂಡನ ಅಪ್ಪನೂ ಬಂದರು. ಕುರಿ ಕಾಯ್ದ ಮನುಷ್ಯ, ಹೆಗಲ ಮೇಲೆ ಕಂಬಳಿ.

"ಯಾಕ ಬಂದ್ ಮಾಡ್ಯಾರ?" ಅಂದರು.

"ಎಲೆಕ್ಷನ್ ಟೈಮಿಗೆ ಗಲಾಟಿ ಆಗಬಾರದಂತ ಕಾಕಾ," ಅಂದೆ.

"ನಮ್ಮಲ್ಲೂ ಎಲೆಕ್ಷನ್ ಟೈಮಿಗೆ ದಾರೂ ಅಂಗಡಿ ಬಂದ್ ಮಾಡ್ತಾರ. ಹಿಂದಿನ ಬಾಗಲದಿಂದ ಸಿಗ್ತೈತಿ. ನಿನ್ನ ಇಂಟರ್ನೆಟ್ಟಿಗೆ ಹಿಂದಿನ ಬಾಗಲಾ ಇಲ್ಲೇನು?"

೩. ಫಾಲ್ಟ್

ಅಷ್ಟರಲ್ಲಿ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು. ಆ ದೇಶದಲ್ಲಿ ಗುಂಡು ಹಾರಿದ್ದವು, ಮಂದಿ ಸತ್ತಿದ್ದರು. ಟೀಚರ್ ಆ ತುಂಡನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಅವರ ಸಮಾಧಾನಕ್ಕಂತ ನಾನು ಪರಿಚಯದ ಟೆಲಿಫೋನ್ ಲೈನ್‌ಮನ್ ಒಬ್ಬನನ್ನು ಕರೆದು ಕೇಳಿದೆ.

"ಫಾಲ್ಟ್ ಎಲ್ಲಿ ಐತಿ?" ಅಂದ.

"ಆಫ್ರಿಕಾದಾಗ."

ಅವ ಹೆಗಲ ಮೇಲಿನ ವೈರಿನ ಸುರುಳಿ ಸರಿಮಾಡಿಕೊಂಡ. "ಗೋಕಾಕ, ಮೂಡಲಗಿ ಅಷ್ಟ ನಂದು. ಅದು ಹುಕ್ಕೇರಿಯವರಿಗೆ ಬರ್ತೈತಿ."

ಚಾಷ್ಟಿಗೆ, ನಗಿಸಲಿಕ್ಕೆ ಅಂದ ಮಾತು. ಟೀಚರ್ ಎದ್ದು ನಿಂತು ಕೇಳಿದರು: "ಹುಕ್ಕೇರಿ ಬಸ್ ಎಷ್ಟಕ್ಕ ಐತ್ರಿ?"

೪. ಲೆಕ್ಕ

ನಾಲ್ಕನೇ ರವಿವಾರ ಮೇಲ್ ಬಂತು. ಟೀಚರ್ ಮಾವನಿಗೆ ಕೇಳುವಂತೆ ಓದಿದರು: "ನಾ ಆರಾಮ ಅದೇನಿ. ಹಳೇ ಅಧ್ಯಕ್ಷರೇ ಮತ್ತ ಗೆದ್ದಾರ. ಕ್ಲಾಸಿನ್ಯಾಗ ಒಬ್ಬಾಕಿ ಎದ್ದು ನಿಂತು, 'ಸರ್, ನಮ್ಮೂರಾಗ ಇರೋ ಮಂದಿಗಿಂತ ಬಿದ್ದ ಓಟು ಜಾಸ್ತಿ ಅದಾವು, ಇದು ಹ್ಯಾಂಗ?' ಅಂತ ಕೇಳಿದಳು. ಅದು ಸಿಲೆಬಸ್ಸಿನ್ಯಾಗ ಇಲ್ಲ ಅಂದೆ. ಮರುದಿನದಿಂದ ಆಕಿ ಕ್ಲಾಸಿಗೆ ಬಂದಿಲ್ಲ."

ಟೀಚರ್ ಕಣ್ಣು ಒರೆಸಿಕೊಂಡರು. ಗಂಡ ಉಳಿದದ್ದಕ್ಕೋ, ಆ ಹುಡುಗಿಗೋ, ನನಗೆ ತಿಳಿಯಲಿಲ್ಲ.

ಮಾವ ಅಂದರು: "ಸಂಜಿಮುಂದ ಎಣಸಿದಾಗ ಕುರಿ ಕಡಿಮಿ ಬಂದ್ರ, ತೋಳ ಒಯ್ದೈತಿ ಅಂತೇವಿ. ಜಾಸ್ತಿ ಬಂದ್ರ ಎಣಸಿದಾವನೇ ಕಳ್ಳ. ಇದಕ್ಕ ಗಣಿತ ಯಾಕ ಬೇಕು?"

ಟೀಚರ್ ಕೀಬೋರ್ಡಿನ ಮೇಲೆ ಕೈ ಇಟ್ಟರು. "ಮಾವಾರ, ಇದನ್ನ ಹಿಂಗೇ ಬರೀಲ್ಯಾ?"

ಮಾವ ಗಾಬರಿಯಾಗಿ ಅವರ ಕೈ ಹಿಡಿದರು. "ಬ್ಯಾಡವ್ವಾ. ಈಗರ ಚಾಲೂ ಆಗೈತಿ. ಮತ್ತ ಬಂದ್ ಮಾಡ್ಯಾರು."